ಪಟ್ಟಿ ಕಪ್ಪಾಗದೇ ಹೋಗಿದ್ದರೆ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಹಬೆಯಂತ್ರಗಳಿದ್ದವು. ಆಪರೇಷನ್‌ಗೆ ಬೇಕಾದ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಟ್ರೇಗಳಲ್ಲಿ ಜೋಡಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಅವುಗಳ ಹೊಟ್ಟೆಯೊಳಗೆ ತಳ್ಳಿ ಬಾಗಿಲು ಬಿಗಿದರೆ ಸಾಕು, ಬಿಸಿ ಹಬೆ ಒಂದು ಕ್ರಿಮಿಯನ್ನೂ ಉಳಿಸುತ್ತಿರಲಿಲ್ಲ. ದೊಡ್ಡ ಯಂತ್ರಕ್ಕೆ ದೊಡ್ಡಮಾವ, ಚಿಕ್ಕದಕ್ಕೆ ಚಿಕ್ಕಮಾವ ಎಂದು ಹೆಸರಿಟ್ಟವಳು ಅವುಗಳ ಮುಂದೆ ಹದಿನಾರು ವರ್ಷ ನಿಂತು ದುಡಿದ ಹೆಂಗಸು. “ಹೊಟ್ಟೆ ತುಂಬಿದ ಮೇಲೆ ಹೇಗೆ ಬುಸ್ ಅಂತಾರೆ ನೋಡಿ, ಥೇಟ್ ನಮ್ಮ ಮಾವಂದಿರ ಹಾಗೇ” ಎನ್ನುತ್ತಿದ್ದಳು. ಅವಳಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಹಬೆಯಕ್ಕ.

ಹಬೆಯಕ್ಕ ಓದಿದ್ದು ಏಳನೇ ಇಯತ್ತೆ. ಆಸ್ಪತ್ರೆಗೆ ಬಂದದ್ದು ನೆಲ ಒರೆಸಲು. ಆಮೇಲೆ ಬಟ್ಟೆ ಮಡಚುವ ಕೋಣೆ, ಅಲ್ಲಿಂದ ಯಂತ್ರದ ಕೋಣೆ. ಹಳೆಯ ಆಪರೇಟರ್ ನಿವೃತ್ತರಾಗುವ ಮುಂಚೆ ಒಂದು ವರ್ಷ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಕಿವಿಯಿಂದ ಕಲಿಸಿದ್ದರು. ಹಬೆ ಒಳಗೆ ನುಗ್ಗುವಾಗಿನ ಸದ್ದು ಯಾವುದು, ಎಲ್ಲೋ ಸೋರುವಾಗಿನ ಸದ್ದು ಯಾವುದು, ಅವಳು ಕಣ್ಣುಮುಚ್ಚಿ ಹೇಳಬಲ್ಲವಳಾಗಿದ್ದಳು. ಪ್ರತಿ ಟ್ರೇಯೊಳಗೂ ಬೆರಳುದ್ದದ ಒಂದು ಕಾಗದದ ಪಟ್ಟಿ ಇಡಬೇಕು. ಹಬೆ ತನ್ನ ಕೆಲಸ ಸರಿಯಾಗಿ ಮಾಡಿದ್ದರೆ ಆ ಪಟ್ಟಿ ಕಪ್ಪಾಗುತ್ತದೆ. ಅದರಂಥದೇ ಇನ್ನೊಂದನ್ನು ಟ್ರೇಯ ಹೊರಗೂ ಅಂಟಿಸಬೇಕು. ಕಪ್ಪಾದ ಹೊರಗಿನ ಪಟ್ಟಿಯನ್ನು ಕಿತ್ತು, ತಾರೀಕು ಬರೆದು ರಿಜಿಸ್ಟರಿಗೆ ಅಂಟಿಸದೆ ಅವಳು ಒಂದೇ ಒಂದು ಟ್ರೇಯನ್ನೂ ಮೇಲಕ್ಕೆ ಕಳಿಸಿದವಳಲ್ಲ. ಅಂಥ ಮೂವತ್ತೊಂದು ರಿಜಿಸ್ಟರುಗಳು ಅವಳ ಬೀರುವಿನಲ್ಲಿದ್ದವು.

ಇಂಗ್ಲಿಷ್ ಮಾತ್ರ ಅವಳಿಗೆ ಕಬ್ಬಿಣದ ಕಡಲೆ. ಯಂತ್ರದ ಮೇಲಿನ ಪದಗಳನ್ನು ಅಕ್ಷರದಿಂದಲ್ಲ, ಆಕಾರದಿಂದ ಗುರುತು ಹಿಡಿಯುತ್ತಿದ್ದಳು. ಮನೆಯಲ್ಲಿ ಇದು ಇನ್ನೊಂದು ಥರದ ಕಷ್ಟ. ಏಕೆಂದರೆ ಅವಳ ಅತ್ತೆ ಮೂವತ್ತೊಂದು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಟೀಚರಮ್ಮ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸೊಸೆ ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ‘ಥ್ಯಾಂಕ್ಯೂ’ ಅನ್ನುವುದನ್ನೂ ತಲೆಯಾಡಿಸಿಯೇ ಮುಗಿಸಿದ್ದಳು.

ಹೀಗಿರುವಾಗ ಒಂದು ದಿನ ಬೆಳಗ್ಗೆ ಆಪರೇಷನ್ ಕೋಣೆಯಲ್ಲಿ ಸರ್ಜನ್ ಒಂದು ಟ್ರೇಯ ಸುತ್ತುಬಟ್ಟೆಯ ಮೇಲೆ ಅಂಗೈಯಗಲದ ಒದ್ದೆ ಕಂಡರು. ಬಟ್ಟೆ ಒದ್ದೆಯಾದರೆ ಕ್ರಿಮಿ ಒಳಗೆ ನುಸುಳುತ್ತದೆ. ಅವರು ಟ್ರೇ ಬಿಚ್ಚದೆ ವಾಪಸ್ ಕಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ವಿಷಯ ಮುಖ್ಯ ಕಚೇರಿಗೆ ಹೋಯಿತು. ಮೂರನೇ ದಿನ ತನಿಖಾಧಿಕಾರಿ ಬಂದು ಕುಳಿತರು. ಅವರಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಮೇಟ್ರನ್ ಆ ಹೊತ್ತಿಗೆ ಆಪರೇಷನ್ ಕೋಣೆಯಲ್ಲಿದ್ದರು. ಹಬೆಯಕ್ಕ, ಅಧಿಕಾರಿ, ಮೂಲೆಯಲ್ಲಿ ಒಬ್ಬ ಟೈಪಿಸ್ಟ್, ಇಷ್ಟೇ ಜನ.

ಮೊದಲ ಐದು ಪ್ರಶ್ನೆ ಸಲೀಸಾಗಿ ಹೋದವು. ಎಷ್ಟು ವರ್ಷ, ಎಷ್ಟು ಡಿಗ್ರಿ, ಎಷ್ಟು ನಿಮಿಷ. ಎಲ್ಲ ಅಂಕಿಗಳು. ಆರನೆಯದು ಬಂತು.

“ಇಫ್ ದ ಸ್ಟ್ರಿಪ್ ಹ್ಯಾಡ್ ನಾಟ್ ಚೇಂಜ್ಡ್, ವುಡ್ ಯು ಹ್ಯಾವ್ ಸೆಂಟ್ ದ ಟ್ರೇ?”

ಅವಳಿಗೆ ತಿಳಿದದ್ದು ನಾಲ್ಕೇ ಪದ: ಸ್ಟ್ರಿಪ್, ಚೇಂಜ್, ಸೆಂಟ್, ಟ್ರೇ. ಪಟ್ಟಿ ಬದಲಾಯಿತು, ಟ್ರೇ ಕಳಿಸಿದೆ, ಅಷ್ಟೇ ತಾನೇ? ಅವಳು ಎದೆಯುಬ್ಬಿಸಿ “ಎಸ್ ಸರ್” ಎಂದಳು. ಅಧಿಕಾರಿಯ ಹುಬ್ಬು ಮೇಲೇರಿತು. ಇನ್ನೊಮ್ಮೆ ಕೇಳಿದರು. ಇವರಿಗೆ ಕಿವಿ ಸ್ವಲ್ಪ ಮಂದ ಎಂದುಕೊಂಡು ಅವಳು ಗಟ್ಟಿಯಾಗಿ, ನಗುತ್ತಾ ಹೇಳಿದಳು:

“ಎಸ್ ಸರ್! ಆಲ್ವೇಸ್ ಸರ್!”

ಟೈಪಿಸ್ಟ್ ಅದನ್ನೂ ಹೊಡೆದ.

ವಾರದೊಳಗೆ ಆದೇಶ ಬಂತು. ಮೇಟ್ರನ್ ಅವಳನ್ನು ಕರೆದರು. ಅವರ ಮುಖ ಬಾಡಿತ್ತು. “ಏನಕ್ಕಾ ಇದು? ನಿಮ್ಮನ್ನ ಯಂತ್ರದಿಂದ ತೆಗೆದು ಬಟ್ಟೆ ಮಡಚೋಕೆ ಹಾಕಿದ್ದಾರೆ. ನೀವೇ ಒಪ್ಕೊಂಡಿದ್ದೀರಂತೆ.”

“ನಾನಾ? ಏನು ಒಪ್ಕೊಂಡೆ ಮೇಡಂ?”

ಅಷ್ಟರಲ್ಲಿ ವಾರ್ಡಿನಿಂದ ಫೋನು. ಮೇಟ್ರನ್ ಎದ್ದು ನಿಂತವರೇ ಕಾಗದದ ನಕಲನ್ನು ಅವಳ ಕೈಗಿಟ್ಟರು. “ಎಲ್ಲಾ ಇದರಲ್ಲಿದೆ. ಮನೇಲಿ ಟೀಚರಮ್ಮ ಇದ್ದಾರಲ್ಲ, ಓದಿಸಿಕೊಳ್ಳಿ. ಒಂದು ತಿಂಗಳೊಳಗೆ ಅರ್ಜಿ ಹಾಕಿದ್ರೆ ಮತ್ತೆ ವಿಚಾರಣೆ ಮಾಡ್ತಾರೆ.”

ಐದು ದಿನ ಅವಳು ಆ ಕಾಗದವನ್ನು ಸೀರೆಗಳ ನಡುವೆ ಬಚ್ಚಿಟ್ಟಳು. ಹಗಲೆಲ್ಲ ಹಸಿರು ಬಟ್ಟೆ ಮಡಚುವುದು, ಪಕ್ಕದ ಕೋಣೆಯಲ್ಲಿ ದೊಡ್ಡಮಾವ ಬುಸ್ ಎಂದಾಗ ಕಿವಿ ನಿಮಿರಿಸುವುದು. ಆರನೇ ದಿನ ಅತ್ತೆ ಹಿಡಿದುಬಿಟ್ಟರು. ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದ ಅವರು ಕಿಟಕಿ ಪಕ್ಕದ ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ಆದರೆ ಕಣ್ಣು, ಕಿವಿ, ನಾಲಿಗೆ ಮೂರೂ ಓಡಾಡುತ್ತಲೇ ಇದ್ದವು.

“ಬಾ ಇಲ್ಲಿ. ಒಂದು ವಾರದಿಂದ ನಿನ್ನ ಮೈಮೇಲೆ ಹಬೆ ವಾಸನೆ ಇಲ್ಲ. ಏನಾಯ್ತು ಹೇಳು.”

ಸೊಸೆ ಕಾಗದ ತಂದುಕೊಟ್ಟಳು. ಅತ್ತೆ ಕನ್ನಡಕ ಏರಿಸಿ ಓದಿದರು. ಮೊದಲು ನಕ್ಕರು, ಆಮೇಲೆ ಮುಖ ಕೆಂಪಾಯಿತು, ಕೊನೆಗೆ ಕಾಗದ ಮಡಚಿ ದಿಂಬಿನಡಿ ಇಟ್ಟುಕೊಂಡರು.

“ಏನಂತೆ ಅತ್ತೆ?”

“ನಾನು ಹೇಳಲ್ಲ. ನೀನೇ ಓದಿ ನನಗೆ ಹೇಳಬೇಕು.”

“ಅಯ್ಯೋ, ನನಗೆ ಬಂದಿದ್ದರೆ ಇಷ್ಟೆಲ್ಲ ಯಾಕಾಗ್ತಿತ್ತು?”

“ಅದಕ್ಕೇ ಹೇಳಲ್ಲ ಅಂದಿದ್ದು. ಇವತ್ತು ನಾನು ಅರ್ಥ ಹೇಳಿಬಿಟ್ಟೆ ಅಂದ್ಕೋ. ನಾಳೆ ಅವರು ಇನ್ನೊಂದು ಪ್ರಶ್ನೆ ಕೇಳ್ತಾರೆ. ಆಗ ನನ್ನನ್ನ ಮಂಚದ ಸಮೇತ ಹೊತ್ಕೊಂಡು ಹೋಗ್ತೀಯಾ? ನಿನ್ನ ಕೆಲಸ ತಿಂದಿದ್ದು ಒಂದೇ ಒಂದು ಪುಟ್ಟ ಪದ ಕಣೇ. ಇಫ್. ಅದರ ಜುಟ್ಟು ಹಿಡಿದು ಅಲ್ಲಾಡಿಸೋಣ. ನಾಳೆ ಐದು ಗಂಟೆಗೆ ನೋಟ್‌ಬುಕ್ ತಗೊಂಡು ಬಾ.”

ಹೀಗೆ ನಲವತ್ತಾರನೇ ವಯಸ್ಸಿನಲ್ಲಿ ಹಬೆಯಕ್ಕ ಮತ್ತೆ ಶಾಲೆಗೆ ಸೇರಿದಳು. ಸಿಟಿ ಬಸ್ ಓಡಿಸುವ ಗಂಡ ಸಂಜೆ ಬಂದು ನೋಡಿದರೆ ಅಮ್ಮ ಮಂಚದ ಮೇಲೆ, ಹೆಂಡತಿ ಕೆಳಗೆ ಚಾಪೆಯ ಮೇಲೆ. ಅವನು ಅಡುಗೆಮನೆಗೆ ಹೋಗಿ ತಾನೇ ಚಹಾ ಕಾಯಿಸಿದ. ಅದು ಆ ಮನೆಯಲ್ಲಿ ಸಣ್ಣ ಸಂಗತಿಯೇನಲ್ಲ.

ಮೊದಲ ಪಾಠ ಸುಲಭವಾಗಿತ್ತು. “ಇಫ್ ಅಂದ್ರೆ ನಮ್ಮ ‘ರೆ’. ಮಳೆ ಬಂದರೆ ಕೊಡೆ ತಗೊಂಡು ಹೋಗ್ತೀನಿ. ಇಂಗ್ಲಿಷಲ್ಲಿ ಹೇಳು.”

“ಇಫ್ ಇಟ್ ವಿಲ್ ರೇನ್, ಐ ವಿಲ್ ಟೇಕ್ ಅಂಬ್ರೆಲಾ.”

“ಇಫ್ ಪಕ್ಕದಲ್ಲಿ ವಿಲ್ ಯಾಕೆ ಬಂತು? ಅವರಿಬ್ಬರೂ ಸವತಿಯರ ಹಾಗೆ. ಒಂದೇ ಕೋಣೇಲಿ ಇಟ್ಟರೆ ಜುಟ್ಟು ಜುಟ್ಟು ಹಿಡ್ಕೋತಾರೆ. ವಿಲ್‌ನ ಆಚೆ ಕೋಣೆಗೆ ಕಳಿಸು. ಇಫ್ ಇಟ್ ರೇನ್ಸ್, ಐ ವಿಲ್ ಟೇಕ್ ಆ್ಯನ್ ಅಂಬ್ರೆಲಾ. ಇದು ಆಗಬಹುದಾದ ಮಾತು. ಮಳೆ ಬರಲೂಬಹುದು, ಬಾರದೇ ಇರಲೂಬಹುದು.”

ಆಗಬಹುದಾದ ಮಾತುಗಳನ್ನು ಅವಳು ಮೂರು ದಿನದಲ್ಲಿ ಅರೆದು ಕುಡಿದಳು. ಯಂತ್ರದ ಕೋಣೆಯ ಗೋಡೆಗೆ ಹಾಕಿದ್ದ ಸೂಚನೆಗಳೆಲ್ಲ ಅವೇ ಆಗಿದ್ದವು! ಕೆಂಪು ದೀಪ ಹತ್ತಿದರೆ ಬಾಗಿಲು ತೆಗೆಯಬೇಡಿ. ಒತ್ತಡ ಇಳಿದರೆ ಯಂತ್ರ ನಿಲ್ಲಿಸಿ. ಹದಿನಾರು ವರ್ಷ ಗೋಡೆಯ ಬಣ್ಣದಂತೆ ಕಂಡಿದ್ದ ಸಾಲುಗಳು ಬಾಗಿಲ ಸಂದಿನಿಂದ ಇಣುಕಿದವಳ ಜೊತೆ ಮಾತಾಡತೊಡಗಿದವು. ಅವಳಿಗೆ ಮೈ ಜುಮ್ಮೆಂದಿತು.

ಎರಡನೇ ವಾರದಲ್ಲಿ ಬಂಡಿ ಕೆಸರಲ್ಲಿ ಹೂತಿತು. ಅತ್ತೆ ಬರೆಸಿದರು: “ಇಫ್ ಐ ವೆಂಟ್ ಟುಮಾರೋ.”

“ಅಲ್ಲಾ ಅತ್ತೆ, ವೆಂಟ್ ಅಂದ್ರೆ ಹೋದೆ ಅಂತ ತಾನೆ? ಆಗಿಹೋಗಿದ್ದು. ಟುಮಾರೋ ಅಂದ್ರೆ ನಾಳೆ. ನಾಳೆ ಯಾರಾದ್ರೂ ಹೋದೆ ಅಂತಾರಾ? ಇವರಿಗೆ ತಲೆ ಸರಿ ಇದೆಯಾ?”

“ಇದು ಊಹೆಯ ಮಾತು ಕಣೇ. ಬರೀ ಕಲ್ಪನೆ ಅಂತ ತೋರಿಸೋಕೆ ಒಂದು ಹೆಜ್ಜೆ ಹಿಂದಕ್ಕೆ ಇಡ್ತಾರೆ. ಉದಾಹರಣೆಗೆ, ನಿನ್ನ ಅತ್ತೆ ಮೂಕಿಯಾಗಿದ್ದರೆ ನೀನು ಸುಖವಾಗಿರ್ತಿದ್ದೆ. ಇಫ್ ಮೈ ಮದರ್-ಇನ್-ಲಾ ವರ್ ಡಂಬ್, ಐ ವುಡ್ ಬಿ ಹ್ಯಾಪಿ. ಬರ್ಕೋ.”

“ಛೇ, ನಾನು ಬರೆಯಲ್ಲಪ್ಪ ಇದನ್ನ.”

“ಬರ್ಕೋ. ನಾನು ಮೂಕಿಯಲ್ಲ, ನೀನು ಸುಖವಾಗಿಲ್ಲ. ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗುತ್ತೆ?”

ಇಬ್ಬರೂ ನಕ್ಕರು. ಆದರೂ ನಾಳೆಗೆ ‘ಹೋದೆ’ ಅನ್ನುವುದು ಅವಳ ಗಂಟಲಲ್ಲಿ ಇಳಿಯಲೇ ಇಲ್ಲ. ಮೂವತ್ತೊಂದು ವರ್ಷ ತನ್ನ ಶಾಲೆಯ ಮಕ್ಕಳೂ ಇಲ್ಲಿಗೆ ಬಂದೇ ಮುಗ್ಗರಿಸುತ್ತಿದ್ದರು, ಕೊನೆಗೆ ಉರುಹೊಡೆಸುತ್ತಿದ್ದೆ ಎಂದು ಅತ್ತೆ ಒಪ್ಪಿಕೊಂಡರು.

ಮಾರನೇ ದಿನ ಮಧ್ಯಾಹ್ನ, ಬಟ್ಟೆ ಮಡಚುವ ಮೇಜಿನ ಮುಂದೆ ನಿಂತು ಅವಳು ಪಕ್ಕದವಳಿಗೆ ಏನೋ ಹೇಳುತ್ತಿದ್ದಳು. “ನಾಳೆ ನಾನು ಬೇಗ ಹೋದರೆ ನೀನೇ ಬೀಗ ಹಾಕ್ಕೋ...” ಮಾತು ಅರ್ಧಕ್ಕೆ ನಿಂತಿತು. ಹೋದರೆ. ಹೋದ, ರೆ. ಅವಳು ಕೈಯಲ್ಲಿದ್ದ ಬಟ್ಟೆ ಬಿಟ್ಟಳು. ಬಂದರೆ: ಬಂದ, ರೆ. ಬಿದ್ದರೆ: ಬಿದ್ದ, ರೆ. ತಿಂದರೆ, ಕೊಟ್ಟರೆ, ಸತ್ತರೆ! ಎಲ್ಲದರ ಹೊಟ್ಟೆಯಲ್ಲೂ ಆಗಿಹೋದ ಮಾತೇ ಕೂತಿದೆ! ನಾಳೆ ‘ಹೋಗುವರೆ’ ಎಂದು ಯಾರೂ ಅನ್ನುವುದಿಲ್ಲ. ನಾಳೆ ‘ಹೋದರೆ’ ಅನ್ನುತ್ತೇವೆ. ನಾವೂ ಒಂದು ಹೆಜ್ಜೆ ಹಿಂದಕ್ಕಿಟ್ಟೇ ಮುಂದಿನದನ್ನು ಹೇಳುತ್ತೇವೆ!

“ಏನಾಯ್ತಕ್ಕಾ? ಯಾಕೆ ಹಾಗೆ ನಿಂತೆ?” ಪಕ್ಕದವಳು ಗಾಬರಿಯಾದಳು.

“ಮನಸ್ಸಿದ್ದರೆ ಮಾರ್ಗ! ಇದ್ದ, ರೆ! ಕೈ ಕೆಸರಾದರೆ ಬಾಯಿ ಮೊಸರು! ಆದ, ರೆ!” ಎಂದು ಹಬೆಯಕ್ಕ ಕೂಗಿದಳು. ಪಕ್ಕದವಳು ಅವಳ ಹಣೆ ಮುಟ್ಟಿ ನೋಡಿದಳು.

ಅಂದು ಸಂಜೆ ಅವಳು ಬಸ್ಸಿಗೆ ಕಾಯಲಿಲ್ಲ. ಎರಡು ಸ್ಟಾಪು ನಡೆದಳು ಎನ್ನುವುದಕ್ಕಿಂತ ಓಡಿದಳು. ಚಪ್ಪಲಿ ಬಾಗಿಲಲ್ಲಿ ಒಂದು ಕಡೆ, ಚೀಲ ಒಂದು ಕಡೆ. “ಅತ್ತೆ, ಅವರಿಗೆ ತಲೆ ಕೆಟ್ಟಿದ್ದರೆ ನಮಗೂ ಕೆಟ್ಟಿದೆ!” ಎಂದು ಶುರುಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಟೀಚರಮ್ಮನ ತುಟಿ ಅಲ್ಲಾಡುತ್ತಿತ್ತು: ಬಂದರೆ, ಹೋದರೆ, ನೋಡಿದರೆ. ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

“ಮೂವತ್ತೊಂದು ವರ್ಷ,” ಎಂದರು ಕೊನೆಗೆ. “ಮೂವತ್ತೊಂದು ವರ್ಷ ಈ ಪಾಠ ಮಾಡಿದೀನಿ. ದಿನಾ ಬಾಯಲ್ಲಿ ಇದೇ ಪದ ಆಡಿದೀನಿ. ಒಂದು ದಿನಾನೂ ನನಗೆ ಕಾಣಲಿಲ್ಲವಲ್ಲೇ! ಇದು ಗೊತ್ತಿದ್ದರೆ ಎಷ್ಟು ಮಕ್ಕಳಿಗೆ ಬೆತ್ತದ ಏಟು ತಪ್ತಿತ್ತು.” ಸೊಸೆಯ ಕೈ ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಅದು ಮೊದಲ ಸಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಸಂಜೆ ಇಬ್ಬರ ಕಾಲವೂ ಒಟ್ಟಿಗೇ ಬಂದಿತ್ತು.

ಆಮೇಲೆ ಪಾಠ ಬಿಡುವಿಲ್ಲದೆ ಓಡಿತು. ಮೂರನೆಯದು, ಕಳೆದುಹೋದದ್ದರ ಬಗೆಗಿನ ಊಹೆ.

“ಬಚ್ಚಲಲ್ಲಿ ಸೋಪು ಬಿದ್ದಿರದಿದ್ದರೆ ನನ್ನ ಸೊಂಟ ಮುರೀತಿರಲಿಲ್ಲ. ಹಾಗಾದ್ರೆ ನಿಜವಾಗಿ ನಡೆದದ್ದೇನು?”

“ಸೋಪು ಬಿದ್ದಿತ್ತು. ಸೊಂಟ ಮುರೀತು.”

“ಅಷ್ಟೇ ಗುಟ್ಟು. ಇಫ್ ಆದಮೇಲೆ ಹ್ಯಾಡ್ ಬಂತೋ, ವಾಕ್ಯವನ್ನ ಅಂಗಿ ಥರ ಒಳಹೊರಗು ತಿರುಗಿಸು. ನಿಜ ಹೊರಗೆ ಬರುತ್ತೆ. ಇಲ್ಲ ಅಂದಿದ್ದರೆ ಇತ್ತು ಅಂತ. ಇತ್ತು ಅಂದಿದ್ದರೆ ಇಲ್ಲ ಅಂತ.” ಅತ್ತೆ ದಿಂಬಿನಡಿಯಿಂದ ಕಾಗದ ತೆಗೆದರು. “ಈಗ ಓದು.”

ಹಬೆಯಕ್ಕ ಬೆರಳಿಟ್ಟು ಓದಿದಳು. ಇಫ್ ದ ಸ್ಟ್ರಿಪ್ ಹ್ಯಾಡ್ ನಾಟ್ ಚೇಂಜ್ಡ್. ಪಟ್ಟಿ ಬದಲಾಗದೇ ಹೋಗಿದ್ದರೆ. ವುಡ್ ಯು ಹ್ಯಾವ್ ಸೆಂಟ್ ದ ಟ್ರೇ. ಟ್ರೇ ಕಳಿಸುತ್ತಿದ್ದೆಯಾ? ಅದರ ಕೆಳಗೆ ಅವಳ ಉತ್ತರ: ಹೌದು ಸರ್. ಯಾವಾಗಲೂ ಸರ್.

ಅವಳು ತಲೆಯ ಮೇಲೆ ಕೈಹೊತ್ತು ಕೂತಳು. “ಅಯ್ಯೋ ದೇವರೇ! ಪಟ್ಟಿ ಕಪ್ಪಾಗದಿದ್ದರೂ ಕಳಿಸ್ತೀನಿ, ದಿನಾ ಹಾಗೇ ಮಾಡ್ತೀನಿ ಅಂದೆನಾ ನಾನು? ನಗ್ತಾ ಬೇರೆ ಹೇಳಿದೆ! ನಾನೇ ಅಧಿಕಾರಿಯಾಗಿದ್ದರೆ ನನ್ನನ್ನ ಬಟ್ಟೆ ಮಡಚೋಕೂ ಇಟ್ಕೋತಿರಲಿಲ್ಲ!” ಮರುಕ್ಷಣ ತಲೆಯೆತ್ತಿದಳು. “ತಾಳಿ ಅತ್ತೆ. ಇದನ್ನ ತಿರುಗಿಸಿದರೆ... ಪಟ್ಟಿ ಬದಲಾಗಿತ್ತು! ಅವರ ಪ್ರಶ್ನೆಯಲ್ಲೇ ಇದೆ. ಪಟ್ಟಿ ಕಪ್ಪಾಗಿತ್ತು ಅಂತ ಅವರಿಗೂ ಗೊತ್ತಿತ್ತು. ನಾನು ತಪ್ಪು ಮಾಡಿದೆ ಅಂತ ಅವರು ಹೇಳೇ ಇಲ್ಲ. ನನ್ನ ಬುದ್ಧಿ ಹೇಗಿದೆ ಅಂತ ನೋಡೋಕೆ ಕೇಳಿದ್ದು!”

“ನೂರಕ್ಕೆ ನೂರು,” ಎಂದರು ಟೀಚರಮ್ಮ. “ಈಗ ಅರ್ಜಿ ಬರಿ. ಮತ್ತೆ ಕೇಳಿ ಅಂತ.”

ಅರ್ಜಿ ನಾಲ್ಕೇ ಸಾಲು. ಬರೆದವಳು ಸೊಸೆ, ತಿದ್ದಿದವರು ಅತ್ತೆ, ಲಕೋಟೆ ಅಂಟಿಸಿ ಹಾಕಿ ಬಂದವನು ಗಂಡ. ಇನ್ನೂ ಎಂಟು ದಿನ ಬಾಕಿಯಿದ್ದವು.

ಇದರ ನಡುವೆ ಅವಳ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಬಟ್ಟೆ ಕೋಣೆಯ ಹೊರಗಿನ ಓಣಿಯಲ್ಲಿ, ಲಿಫ್ಟಿನ ಎದುರು, ಅವಳು ಮಡಚಿಟ್ಟ ಬಟ್ಟೆಯ ಅಟ್ಟಿಯ ಮೇಲೆ ಅಂಗೈಯಗಲ ಒದ್ದೆಯಾಗಿತ್ತು. ತಲೆಯೆತ್ತಿ ನೋಡಿದಳು. ಏಸಿಯ ಪೈಪಿನ ಕೀಲಿನಲ್ಲಿ ಒಂದು ಹನಿ ಕಟ್ಟುತ್ತಿತ್ತು. ಲಿಫ್ಟ್ ಬರುವವರೆಗೆ ಟ್ರೇಗಳ ತಳ್ಳುಗಾಡಿ ನಿಲ್ಲುತ್ತಿದ್ದದ್ದು ಕರಾರುವಾಕ್ಕಾಗಿ ಅದರ ಕೆಳಗೇ. ಅವಳು ಅದನ್ನು ಯಾರಿಗೂ ಬಾಯಿಮಾತಲ್ಲಿ ಹೇಳಿ ಕಳೆದುಕೊಳ್ಳಲಿಲ್ಲ. ಅಟ್ಟಿಯನ್ನು ಸರಿಸಿ, ಅಲ್ಲಿ ಗಾಡಿ ನಿಲ್ಲಿಸದಂತೆ ಒಂದು ಕುರ್ಚಿ ಅಡ್ಡವಿಟ್ಟು, ಮನೆಗೆ ಹೋಗಿ ಒಂದು ವಾಕ್ಯ ಕಟ್ಟಿದಳು.

ವಿಚಾರಣೆಯ ದಿನ ಅದೇ ಕೋಣೆ, ಅದೇ ಟೈಪಿಸ್ಟ್, ಅದೇ ಅಧಿಕಾರಿ. ಈ ಸಲ ಮೇಟ್ರನ್ನೂ ಇದ್ದರು. “ನಾನು ಅನುವಾದ ಮಾಡ್ಲಾ ಅಕ್ಕಾ?” ಎಂದರು. “ಬೇಡ ಮೇಡಂ, ಎಡವಿದರೆ ಹಿಡ್ಕೊಳ್ಳಿ” ಎಂದಳು. ಅವಳ ಎದೆ ಚಿಕ್ಕಮಾವನ ಹಾಗೆ ಡವಗುಟ್ಟುತ್ತಿತ್ತು.

ಅಧಿಕಾರಿ ಹಳೆಯ ಪ್ರಶ್ನೆಯನ್ನೇ ಓದಿದರು. ಪಟ್ಟಿ ಬದಲಾಗದೇ ಹೋಗಿದ್ದರೆ ಟ್ರೇ ಕಳಿಸುತ್ತಿದ್ದಿರಾ?

“ನೋ ಸರ್,” ಎಂದಳು. ಒಂದೊಂದೇ ಪದವನ್ನು ಟ್ರೇಯಲ್ಲಿ ಜೋಡಿಸಿದಂತೆ ಇಂಗ್ಲಿಷಿನಲ್ಲೇ ಮುಂದುವರಿಸಿದಳು. ಪಟ್ಟಿ ಬದಲಾಗದೇ ಹೋಗಿದ್ದರೆ ಟ್ರೇಯನ್ನು ಕೆಳಗೇ ಉಳಿಸಿಕೊಳ್ಳುತ್ತಿದ್ದೆ. ಯಂತ್ರಕ್ಕೆ ಕೆಂಪು ಚೀಟಿ ಕಟ್ಟುತ್ತಿದ್ದೆ. ಮೇಟ್ರನ್ ಅವರನ್ನು ಕರೆಯುತ್ತಿದ್ದೆ. “ಬಟ್ ದ ಸ್ಟ್ರಿಪ್ ಚೇಂಜ್ಡ್, ಸರ್.” ರಿಜಿಸ್ಟರ್ ತೆರೆದು ಆ ದಿನದ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟಳು.

ಅಧಿಕಾರಿ ಮುಂದಕ್ಕೆ ಬಾಗಿದರು. ಅವರಿಗೂ ಹುರುಪು ಬಂದಂತಿತ್ತು. ಅರ್ಧದಲ್ಲಿ ಕರೆಂಟು ಹೋದರೆ? ಬಾಗಿಲ ರಬ್ಬರು ಹರಿದರೆ? ಅವಳು ಇಫ್ ಪಕ್ಕ ವಿಲ್ ಸುಳಿಯದಂತೆ ಉತ್ತರ ಕೊಟ್ಟಳು. ಕೊನೆಗೆ ಅವರು ಕೇಳಿದರು: “ಇಫ್ ಯು ವರ್ ದ ಮೇಟ್ರನ್, ವಾಟ್ ವುಡ್ ಯು ಡು?”

ಮೇಟ್ರನ್ ಕುರ್ಚಿಯಲ್ಲಿ ಸೆಟೆದು ಕೂತರು.

“ಇಫ್ ಐ ವರ್ ದ ಮೇಟ್ರನ್, ಐ ವುಡ್ ರಿಪೇರ್ ದ ಪೈಪ್, ಸರ್.” ಆಮೇಲೆ ಮನೆಯಲ್ಲಿ ಕಟ್ಟಿದ್ದ ವಾಕ್ಯವನ್ನು ಬಿಟ್ಟಳು: “ಇಫ್ ದ ಟ್ರಾಲಿ ಹ್ಯಾಡ್ ನಾಟ್ ಸ್ಟುಡ್ ಅಂಡರ್ ದ ಪೈಪ್, ದ ಟ್ರೇ ವುಡ್ ನಾಟ್ ಹ್ಯಾವ್ ಬಿಕಮ್ ವೆಟ್.”

ಗಾಡಿ ಪೈಪಿನ ಕೆಳಗೆ ನಿಂತಿರದಿದ್ದರೆ ಟ್ರೇ ಒದ್ದೆಯಾಗುತ್ತಿರಲಿಲ್ಲ. ಮೂವರೂ ಎದ್ದು ಓಣಿಗೆ ನಡೆದರು. ಟೈಪಿಸ್ಟನೂ ಕಾಗದ ಬಿಟ್ಟು ಹಿಂದೆಯೇ ಬಂದ. ಅಧಿಕಾರಿ ಕುರ್ಚಿ ಸರಿಸಿ, ಲಿಫ್ಟಿನ ಎದುರು ತಮ್ಮ ಫೈಲನ್ನು ಮುಂದೆ ಚಾಚಿ ನಿಂತರು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಟಪ್! ಹನಿ ಫೈಲಿನ ನಟ್ಟನಡುವೆ ಬಿದ್ದು ಹರಡಿತು.

ಮೇಟ್ರನ್ ಚಪ್ಪಾಳೆ ತಟ್ಟಿಯೇಬಿಟ್ಟರು.

ವಾಪಸ್ ಬಂದು ಕೂತ ಮೇಲೆ ಅಧಿಕಾರಿ ಪೆನ್ನು ಹಿಡಿದು ಕೇಳಿದರು, ಇನ್ನೇನಾದರೂ ಹೇಳುವುದಿದೆಯೇ ಎಂದು. ಇತ್ತು. ಅದು ಅತ್ತೆ ಹೇಳಿಕೊಟ್ಟದ್ದಲ್ಲ, ಆ ಕ್ಷಣಕ್ಕೆ ನಾಲಿಗೆಗೆ ತಾನಾಗಿ ಬಂದದ್ದು.

“ಇಫ್ ಯು ಹ್ಯಾಡ್ ಆಸ್ಕ್ಡ್ ಮಿ ಇನ್ ಮೈ ಲ್ಯಾಂಗ್ವೇಜ್, ಸರ್, ಐ ವುಡ್ ಹ್ಯಾವ್ ಆನ್ಸರ್ಡ್ ದ ಫಸ್ಟ್ ಡೇ.”

ನನ್ನ ಭಾಷೆಯಲ್ಲಿ ಕೇಳಿದ್ದರೆ ಮೊದಲ ದಿನವೇ ಉತ್ತರ ಕೊಡುತ್ತಿದ್ದೆ. ಅಧಿಕಾರಿಯ ಪೆನ್ನು ನಿಂತಿತು. ಅವರು ತಲೆಯಾಡಿಸಿ, “ಟ್ರೂ” ಎಂದರು. ಟೈಪಿಸ್ಟ್ ಅದನ್ನೂ ಹೊಡೆದ.

ಸೋಮವಾರ ಹಬೆಯಕ್ಕ ಯಂತ್ರದ ಮುಂದೆ ನಿಂತಿದ್ದಳು. ಪೈಪು ರಿಪೇರಿಯಾಯಿತು. ವಿಚಾರಣೆಗಳಲ್ಲಿ ಇನ್ನು ಮುಂದೆ ನೌಕರರ ಭಾಷೆ ಬಲ್ಲ ಒಬ್ಬರು ಇರಲೇಬೇಕು ಎಂಬ ಸುತ್ತೋಲೆಯೂ ಹಿಂದೆಯೇ ಬಂತು. ಅದು ಅವಳಿಂದಲೇ ಬಂದದ್ದು ಎಂದು ಮೇಟ್ರನ್ ಎಲ್ಲರ ಮುಂದೆ ಓದಿ ಹೇಳಿದಾಗ, ಅವಳು ನಾಚಿ ದೊಡ್ಡಮಾವನ ಹಿಂದೆ ಹೋಗಿ ನಿಂತಳು.

ಆದರೆ ಮನೆಯಲ್ಲಿ ಐದು ಗಂಟೆಯ ಪಾಠ ನಿಲ್ಲಲಿಲ್ಲ. ಮೊದಲು ಬಂದವಳು ಬಟ್ಟೆ ಕೋಣೆಯ ಗೆಳತಿ. ಆಮೇಲೆ ಲಿಫ್ಟಿನವರು, ಆಮೇಲೆ ಅಡುಗೆ ವಿಭಾಗದ ಇಬ್ಬರು. ಚಾಪೆ ಸಾಲದೆ ಪಕ್ಕದ ಮನೆಯಿಂದ ತಂದರು. ಟೀಚರಮ್ಮ ವಾಕರ್ ಹಿಡಿದು ಎದ್ದು ನಿಲ್ಲಲು ಕಲಿತದ್ದೇ ಹಿಂದಿನ ಸಾಲಿನವರು ಕಾಣುವುದಿಲ್ಲ ಎಂಬ ಕಾರಣಕ್ಕೆ. ‘ನಾಳೆ ವೆಂಟ್ ಅಂದ್ರೆ ಹೇಗೆ ಮೇಡಂ?’ ಎಂದು ಲಿಫ್ಟಿನವರು ಕೇಳಿದ ದಿನ ಟೀಚರಮ್ಮ ಉತ್ತರ ಹೇಳಲಿಲ್ಲ.

“ಆ ಪಾಠ ನನ್ನದಲ್ಲಪ್ಪ, ನನ್ನ ಸೊಸೆಯದು,” ಎಂದು ಸೀಮೆಸುಣ್ಣವನ್ನು ಹಬೆಯಕ್ಕನ ಕೈಗಿಟ್ಟು, ತಾವು ಮೆಲ್ಲಗೆ ಹೋಗಿ ಚಾಪೆಯ ಪಕ್ಕದ ಕುರ್ಚಿಯಲ್ಲಿ ಕೂತರು. ನೋಟ್‌ಬುಕ್ ತೆರೆದಿಟ್ಟುಕೊಂಡೇ ಕೂತರು.